ಆರನೇ ಠರಾವು ಮತ್ತು ಎರಡನೇ ಮಹಡಿಯ ಕುರ್ಚಿ

ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ತಪ್ಪಿಗೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಕಟ್ಟಡದವರು ನನ್ನನ್ನು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಮಾಡಿದರು. ಸಾನಪಾಡಾದ ಆಫೀಸಿನಲ್ಲಿ ಹಗಲೆಲ್ಲ ಸ್ಪ್ರೆಡ್‌ಶೀಟ್ ತುಂಬಿಸಿ, ಥಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ನಿಂತೇ ಮನೆಗೆ ಬರುವವಳು ನಾನು. ಬೇಡ ಅನ್ನಬೇಕಿತ್ತು. ಆದರೆ ಯಾರಾದರೂ ಹೊಗಳಿದರೆ ಉಬ್ಬಿಹೋಗುವ ಜಾತಿ ನನ್ನದು, ಒಪ್ಪಿಕೊಂಡೆ.

ಆಫೀಸಿನಲ್ಲಿ ಕಲಿತ ಮಹಾವಿದ್ಯೆ ಎಂದರೆ ಟೆಂಪ್ಲೇಟು. ವಾರ್ಷಿಕ ಸಭೆಯ ವರದಿಯನ್ನು ನಾನು ಸಭೆಗೆ ಮೊದಲೇ ಬರೆದಿಡುತ್ತೇನೆ. ಹಳೆಯ ಕಡತ ತೆರೆದು, ವರ್ಷ ಬದಲಿಸಿ, ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬುದನ್ನು ಮುಟ್ಟದೆ ಬಿಟ್ಟರೆ ಮುಗಿಯಿತು. ಆಮೇಲೆ ಸಭೆ ನಡೆಯುವುದೊಂದೇ ಬಾಕಿ. ನನ್ನ ಬಾಸ್ ಇದನ್ನು ಪ್ರೊಡಕ್ಟಿವಿಟಿ ಅನ್ನುತ್ತಾರೆ. ಗಂಡ ಬೇರೇನೋ ಅನ್ನುತ್ತಾರೆ.

ಈ ಸಲದ ಆರನೇ ಠರಾವು, ಅಂದರೆ ನಿರ್ಣಯ, ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತೆಗೆಸುವುದು. ಕುರ್ಚಿ ನಾಲ್ಕನೇ ಮಹಡಿಯ ಉಡುಪಿ ಅಜ್ಜಿಯದು. ಅವರಿಗೆ ಮಂಡಿನೋವು, ನಮ್ಮಲ್ಲಿ ಲಿಫ್ಟ್ ಇಲ್ಲ. ಅಲ್ಲಿ ಐದು ನಿಮಿಷ ಕೂತರಷ್ಟೇ ಅಜ್ಜಿ ಮನೆ ಮುಟ್ಟುತ್ತಿದ್ದರು. ಕುರ್ಚಿ ಹೋದರೆ ಅವರ ತರಕಾರಿ ಪೇಟೆ, ಭಜನೆ ಎಲ್ಲವೂ ಹೋಗಿ ನಾಲ್ಕು ಗೋಡೆಯೇ ಗತಿ. ದೂರು ಕೊಟ್ಟವರು ಗ್ರೌಂಡ್ ಫ್ಲೋರಿನ ಹಿರಿಯರು, ಶಹಾಡಿನ ಕಾರ್ಖಾನೆಯಿಂದ ನಿವೃತ್ತರಾದ ಧಾರವಾಡದವರು.

“ಮೆಟ್ಟಿಲ ಮ್ಯಾಲ ಏನೂ ಇಡಬಾರದು. ಕಾನೂನು ಅಂದ್ರ ಕಾನೂನು ನೋಡ್ರಿ.”

ಕಾನೂನು ಅವರ ಪರವಾಗಿಯೇ ಇತ್ತು. ನನಗೆ ಅಜ್ಜಿಯ ಮೇಲೆ ಪ್ರೀತಿ, ಆದರೆ ಮೂರು ಪತ್ರ ಬರೆದ ಆ ಮನುಷ್ಯನ ಭಯ. ಭಯ ಗೆದ್ದಿತು. ಠರಾವನ್ನು ಟೈಪಿಸಿ ನೋಟೀಸ್ ಬೋರ್ಡಿಗೂ ಹಚ್ಚಿದೆ.

ಪಾರ್ಕಿಂಗಿನ ನೆಲ ಅಗೆದಿದ್ದರಿಂದ ಸಭೆ ಟೆರೇಸಿನಲ್ಲಿ, ಭಾನುವಾರ ಹತ್ತಕ್ಕೆ. ಬಂದವರು ಏಳೇ ಜನ, ಸಭೆಗೆ ಬೇಕಾದಷ್ಟು ತಲೆಯಿಲ್ಲ, ಅಂದರೆ ಕೋರಂ ಇಲ್ಲ. ಇಲ್ಲೊಂದು ವಿಚಿತ್ರ ನಿಯಮವಿದೆ. ಕೋರಂ ಇಲ್ಲದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಬೇಕು. ಆಮೇಲೆ ಅದೇ ಜನ ಅದೇ ಜಾಗದಲ್ಲಿ ಕೂತಿದ್ದರೂ ಸಾಕು, ಕೋರಂ ಬೇಡ. ಹತ್ತಕ್ಕೆ ನಡೆಯದ ಏಳು ಜನ ಹತ್ತೂವರೆಗೆ ಹೇಗೆ ನಡೆಯುತ್ತಾರೆಂದು ಒಬ್ಬ ವಕೀಲರನ್ನು ಕೇಳಿದ್ದೆ. ಅವರು “ಪದ್ಧತಿ” ಅಂದರು. ನೆನೆಹಾಕಿದ ಹೆಸರುಕಾಳಿನ ಹಾಗೆ ನಾವೂ ಕೂತು ಮೊಳಕೆ ಒಡೆಯಬೇಕು, ಅಷ್ಟೆ.

ದೂರು ಕೊಟ್ಟವರೇ ಕಾಣಲಿಲ್ಲ. ಹುಡುಕುತ್ತ ಕೆಳಗಿಳಿದೆ. ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕರು, ಅದೇ ಕುರ್ಚಿಯ ಮೇಲೆ, ಏದುಸಿರು ಬಿಡುತ್ತ. ಇಷ್ಟು ವರ್ಷ ಈ ಕಟ್ಟಡದಲ್ಲಿದ್ದು ಅವರು ಮೇಲೆ ಹತ್ತಿದ್ದೇ ಅಪರೂಪ. ಪಕ್ಕದಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಿದ್ದರು. ದೇವಸ್ಥಾನದಿಂದ ನೇರ ಸಭೆಗೆ ಹೊರಟವರು.

“ಕೂತುಕೊಳ್ಳಿ, ಅಡ್ಡಿಲ್ಲ. ನನಗೆ ನಿಂತು ಅಭ್ಯಾಸ ಉಂಟು,” ಎನ್ನುತ್ತಿದ್ದರು ಅಜ್ಜಿ.

ಹಿರಿಯರು ಏಳಲು ನೋಡಿದರು, ಕಾಲು ಮಾತು ಕೇಳಲಿಲ್ಲ. ನನ್ನನ್ನು ಕಂಡು, “ಕುರ್ಚಿ ಗಟ್ಟಿ ಐತೋ ಇಲ್ಲೋ ನೋಡಾಕತ್ತಿದ್ನ್ರಿ,” ಅಂದರು. ನಾನು ನಗು ನುಂಗಿಕೊಂಡು ಮೊಬೈಲ್ ನೋಡಿದಂತೆ ಮಾಡಿದೆ.

ಅವರಿಬ್ಬರೂ ಹೇಗೋ ಟೆರೇಸ್ ಮುಟ್ಟಿದರು. ಹತ್ತೂವರೆಗೆ ನಾವು ಕಾನೂನುಬದ್ಧರಾದೆವು. ಐದು ಠರಾವುಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ದಾಟಿದವು. ಆರನೆಯದನ್ನು ಓದಿ “ಸೂಚಿಸುವವರು?” ಎಂದೆ. ಎಲ್ಲರೂ ಧಾರವಾಡದವರನ್ನು ನೋಡಿದರು. ಅವರು ನೀರಿನ ಟ್ಯಾಂಕನ್ನು ನೋಡಿದರು. ಇನ್ನೊಮ್ಮೆ ಕೇಳಿದೆ. ಅವರು ಟ್ಯಾಂಕಿನಿಂದ ಕಣ್ಣು ಕೀಳಲಿಲ್ಲ. ಸೂಚಕರಿಲ್ಲದ ಠರಾವು ಠರಾವೇ ಅಲ್ಲ, ಅದೂ ಒಂದು ಪದ್ಧತಿ. ಚೇರ್ಮನ್ನರು “ಚಲಾ, ಪುಢಚಾ ವಿಷಯ್” ಎಂದು ಮುಂದಿನ ವಿಷಯಕ್ಕೆ ಹೋದರು.

ಮನೆಗೆ ಬಂದು ಕಡತದಲ್ಲಿ ಆರನ್ನು ಅಳಿಸಿದೆ. ಏಳು ತಾನಾಗಿಯೇ ಆರಾಯಿತು. ನನ್ನ ವಿದ್ಯೆಯ ಮೇಲೆ ನನಗೆ ಮತ್ತೆ ಹೆಮ್ಮೆ ಬಂತು.

ಸಂಜೆ ಅಜ್ಜಿ ಸೊಪ್ಪಿನ ಚೀಲ ಕಾಲ ಬಳಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು.

“ಕುರ್ಚಿ ಇರಲಿ ಅಂತ ಬರೆದಿಯಾ ಮಗಾ?”

“ಇಲ್ಲ ಅಜ್ಜಿ, ಏನೂ ಬರೆಯಲಿಲ್ಲ. ಮುಂದಿನ ಸಭೆಗೆ ಕುರ್ಚಿ ಇರಲಿ ಅಂತಲೇ ಚೆನ್ನಾಗಿ ಟೈಪ್ ಮಾಡಿ ಪಾಸ್ ಮಾಡಿಸ್ತೇನೆ.”

“ಬೇಡ ಮಾರಾಯ್ತಿ. ಬೋರ್ಡಿನಲ್ಲಿ ನೀನು ಬರೆದದ್ದು ಓದಿ ನನಗೆ ಮೂರು ದಿನ ಊಟ ಸೇರಲಿಲ್ಲ. ಇನ್ನು ನೀನು ಬರೆಯುವುದು ಬೇಡ.”

ಅವರ ದನಿಯಲ್ಲಿ ಕೋಪವೇ ಇರಲಿಲ್ಲ, ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ. ಸೊಪ್ಪಿನ ಚೀಲ ಎತ್ತಿಕೊಂಡು, ಅವರು ಏಳುವವರೆಗೆ ಗೋಡೆ ಹಿಡಿದು ನಿಂತೆ.