ಹಪ್ಪಳದ ಪಕ್ಕದ ಮಡಿಸೀರೆ

ಮುಂಬಯಿಯ ಸಾಂತಾಕ್ರೂಜಿನ ನಮ್ಮ ಚಾಳಿನ ತುದಿಯ ಖೋಲಿಗೆ ಆಕೆ ಬಂದದ್ದು ದೇಶ ಹೋಳಾಗಿ ಕೆಲವು ವರ್ಷಗಳ ಮೇಲೆ. ಸಿಂಧ್‌ನಲ್ಲಿದ್ದ ಮನೆ ಬಿಟ್ಟು, ನಿರಾಶ್ರಿತರ ಶಿಬಿರದಲ್ಲಿ ಗಂಡನನ್ನೂ ಕಳೆದುಕೊಂಡು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದವಳು. ಹಪ್ಪಳ ಲಟ್ಟಿಸಿ ಮನೆಮನೆಗೆ ಮಾರುತ್ತಿದ್ದಳು. ನನ್ನ ಯಜಮಾನರು ಉಡುಪಿಯವರೊಬ್ಬರ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ನಾನೇ ಅವರ ತಲೆ ತಿಂದು, ಹೋಟೆಲಿಗೆ ಆಕೆಯ ಹಪ್ಪಳ ಕೊಳ್ಳಲು ಒಪ್ಪಿಸಿದೆ. ಮೊದಲ ಸಲದ್ದು ಹಿಡಿಸಿದರೆ ತಿಂಗಳು ತಿಂಗಳೂ ತರಿಸುವ ಮಾತಾಗಿತ್ತು. ಆಕೆ ನನ್ನ ಕೈಹಿಡಿದು ಅತ್ತಳು. ನಾನೋ, ಭಾರೀ ಪರೋಪಕಾರಿಯ ಹಾಗೆ ಬೀಗಿದೆ.

ಆ ಹಪ್ಪಳ ತಾರಸಿಯ ಮೇಲೆ ಒಣಗುತ್ತಿತ್ತು. ಪಕ್ಕದ ಗಳದ ಮೇಲೆ ನಮ್ಮ ಅತ್ತೆಯ ಮಡಿಸೀರೆ. ಅದನ್ನುಟ್ಟೇ ಅವರು ಅಡುಗೆ, ಪೂಜೆ ಮಾಡುವುದು. ಮನೆಯವರೂ ಮುಟ್ಟುವಂತಿಲ್ಲ, ಕೋಲಿನಿಂದಲೇ ಎತ್ತಿ ತರಬೇಕು. ಇದನ್ನು ಆಕೆಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ನನಗೆ ಜೊಂಪು ಹತ್ತಿದಾಗ ಹೇಳದೆ ಕೇಳದೆ ಮಳೆ ಸುರಿಯಿತು. ಬಾಗಿಲು ತೆರೆದರೆ ಆಕೆ ತೊಯ್ದು ತೊಪ್ಪೆಯಾಗಿ ನಿಂತಿದ್ದಾಳೆ. ಅತ್ತೆಯ ಸೀರೆಯನ್ನು ದುಪಟ್ಟಾದೊಳಗೆ ಅವುಚಿಕೊಂಡಿದ್ದಳು. ಮೊದಲು ನಿಮ್ಮದನ್ನೇ ತಂದೆ, ಎಂದಳು ಹಿಂದಿಯಲ್ಲಿ, ಏದುಸಿರು ಬಿಡುತ್ತಾ.

"ಬಕೇಟಿಗೆ ಹಾಕು ಮಾರಾಯ್ತಿ. ಮೈಲಿಗೆ ಆಯ್ತಲ್ಲ," ಎಂದರು ಅತ್ತೆ ನನಗೆ. ಸಿಟ್ಟೇನೂ ಇರಲಿಲ್ಲ ಅವರಿಗೆ. ನಾನೋ, ಆಕೆಯ ಕಣ್ಣೆದುರೇ ಸೀರೆಯನ್ನು ನೀರಿನಲ್ಲಿ ಅದ್ದಿದೆ.

ಕೈ ಕೊಳೆಯಾಗಿಲ್ಲವೆಂದು ಆಕೆ ಎರಡೂ ಅಂಗೈಗಳನ್ನು ಚಾಚಿ ತೋರಿಸಿದಳು. "ಮೇರೇ ಹಾಥ್ ಸಾಫ್ ಹೈಂ, ಬೆಹೆನ್."

ಮತ್ತೆ ತಾರಸಿಗೆ ಓಡಿದಳು. ಹಪ್ಪಳವೆಲ್ಲ ಹಿಟ್ಟಿನ ಮುದ್ದೆಯಾಗಿತ್ತು. ಹೇಳಿದ ದಿನಕ್ಕೆ ಸರಕು ಬರಲಿಲ್ಲವೆಂದು ಹೋಟೆಲಿನವರು ಬೇರೆ ಕಡೆ ಗೊತ್ತುಮಾಡಿಕೊಂಡರು. ಇನ್ನೊಂದು ಸಲ ಯಜಮಾನರ ತಲೆ ತಿನ್ನಬಹುದಿತ್ತು. ತಿನ್ನಲಿಲ್ಲ. ಹಪ್ಪಳ ಹೇಗೆ ನೆನೆಯಿತೆಂದು ಅವರು ಕೇಳಿದರೆ ಯಾವ ಮುಖ ಹೊತ್ತು ಹೇಳುವುದು? ಆಕೆ ಮತ್ತೆ ಬುಟ್ಟಿ ಹೊತ್ತು ಮನೆಮನೆ ತಿರುಗಿದಳು. ಥೂ, ನನ್ನ ಜನ್ಮವೇ, ಎಂದು ಈಗಲೂ ಅನ್ನಿಸುತ್ತದೆ.

ಕೆಲವು ದಿನಗಳ ಮೇಲೆ ಮತ್ತೆ ಮೋಡ ಕವಿಯಿತು. ಆಕೆ ತಾರಸಿಯಿಂದ ಇಳಿದು ಬಂದು ನಮ್ಮ ಹೊಸ್ತಿಲಿನಿಂದ ದೂರದಲ್ಲೇ ನಿಂತಳು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ನಿಮ್ಮ ಸೀರೆ ಹೊರಗಿದೆ, ಎಂದಳು. ನಾನು ಕೋಲು ಹಿಡಿದು ಮೇಲೆ ಹತ್ತಿ ಸೀರೆ ಎತ್ತಿದ ಮೇಲೆಯೇ ಆಕೆ ತನ್ನ ಹಪ್ಪಳಕ್ಕೆ ಕೈಹಾಕಿದ್ದು.