ಎರಡು ಮೂತಿಯ ವಿಮಾನ

ಸನಿಯ್ಯಾ ಟೀಚರಾಗಿ ಶಾಲೆಗೆ ಸೇರಿದಾಗ ಚಿತ್ರಕಲೆಯ ಕಪಾಟಿನಲ್ಲಿ ಇದ್ದದ್ದು ಒಂದು ಮಣ್ಣಿನ ಹೂಜಿ, ಒಂದಷ್ಟು ಮೇಣದ ದಾಳಿಂಬೆ. ಹುಡುಗಿಯರು ಅದೇ ಹೂಜಿಯನ್ನು ಬರೆದು ಬರೆದು ಪಾಸಾಗಿ, ಮದುವೆಯಾಗಿ, ಕುಂಚ ಹಿಡಿದದ್ದನ್ನೇ ಮರೆತುಬಿಡುತ್ತಿದ್ದರು. ಇದೂ ಒಂದು ಪಾಠವೇ? ಅವಳಿಗೆ ರೇಗಿಹೋಯಿತು. ಹೂಜಿಯನ್ನು ಜವಾನನಿಗೆ ಕೊಟ್ಟು, ಇನ್ನು ಪರೀಕ್ಷೆ ಊರೊಳಗೆ ಎಂದಳು. ಒಬ್ಬಳು ರೊಟ್ಟಿ ಅಂಗಡಿಗೆ ಬೋರ್ಡು ಬರೆಯಬೇಕು. ಇನ್ನೊಬ್ಬಳು ಓದು ಬಾರದ ಹೆಂಗಸರಿಗೂ ತಿಳಿಯುವಂತೆ ಮಾತ್ರೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆಯಬೇಕು. ಕೆಲಸ ಯಾರದೋ, ಅಂಕ ಹಾಕುವವರೂ ಅವರೇ. "ಇದೇನು ರೊಟ್ಟಿಯೋ, ಒಂಟೆ ಪಾದವೋ?" ಎಂದು ರೊಟ್ಟಿಯವನು ಸೊನ್ನೆ ಹಾಕಿದಾಗ ಆ ಹುಡುಗಿ ಹಟ ಹಿಡಿದು ವಾರವಿಡೀ ರೊಟ್ಟಿಯನ್ನೇ ಬರೆದಿದ್ದಳು.

ಈ ವರ್ಷದ ಕೆಲಸ ದೊಡ್ಡದು. ಝನ್ನೂಬ ಎಂಬ ಮುದುಕಿ ಹಜ್‌ಗೆ ಹೋಗಿದ್ದಳು. ನೈಲ್ ನದಿಯ ಈ ದಡದಲ್ಲಿ, ಯಾತ್ರೆ ಹೋದವರು ಮರಳುವಷ್ಟರಲ್ಲಿ ಅವರ ಯಾತ್ರೆ ಮನೆಯ ಗೋಡೆಯ ಮೇಲೆ ಚಿತ್ರವಾಗಿ ಮೂಡಿರಬೇಕು. ಆ ಗೋಡೆಯನ್ನೇ ಸನಿಯ್ಯಾ ಹುಡುಗಿಯರ ಪರೀಕ್ಷೆಗೆಂದು ಕೇಳಿ ಪಡೆದಳು. ವಿಮಾನ ಬರೆಯುವ ಪಾಲು ರತೀಬಾಗೆ ಬಂತು. ಹದಿಮೂರರ ಹುಡುಗಿ, ಮಾತು ಕಡಿಮೆ, ಕೈ ಮಾತ್ರ ಬಂಗಾರ.

"ನೋಡೋರ ಕಣ್ಣನ್ನ ಕಾಬಾ ಕಡೆ ಎಳೀಬೇಕು ಕಣೇ," ಎಂದು ಸನಿಯ್ಯಾ ಕಲಿಸಿದ್ದಳು. ರತೀಬಾ ಹಾಗೇ ಮಾಡಿದಳು. ವಿಮಾನದ ಮೂತಿ ಗೋಡೆಯಲ್ಲಿ ಬರೆದ ಕಾಬಾದತ್ತ, ಬಾಲ ಮನೆಬಾಗಿಲತ್ತ. ಸನಿಯ್ಯಾ ಭೇಷ್ ಅಂದಳು.

ಪಕ್ಕದ ಮನೆಯ ಉಮ್ಮು ಶಹಾತ ಬಂದು ನೋಡಿದವಳೇ ಎದೆ ಬಡಿದುಕೊಂಡಳು. "ಅಯ್ಯಯ್ಯೋ, ಏನ್ರೇ ಬರ್ದಿದೀರ? ಹೋದವಳು ವಾಪಸ್ ಬರ್ಬೇಕಂದ್ರೆ ಮೂತಿ ಬಾಗಿಲ ಕಡೆ ಇರ್ಬೇಕಲ್ವೇನ್ರೇ? ಹೋಗೋದನ್ನ ಬರ್ದಿದೀರ, ಬರೋದನ್ನ ಯಾರು ಬರೀತಾರೆ, ನಿಮ್ಮಜ್ಜೀನಾ?"

ಆ ಸಂಜೆಯೇ ಮಕ್ಕಾದಿಂದ ಫೋನು ಬಂತು. ಬಿಸಿಲು, ಜನಜಂಗುಳಿ, ಝನ್ನೂಬ ತನ್ನ ಗುಂಪಿನಿಂದ ತಪ್ಪಿಸಿಕೊಂಡಿದ್ದಾಳೆ, ಎಲ್ಲೂ ಸುಳಿವಿಲ್ಲ.

ಸುದ್ದಿ ಸನಿಯ್ಯಾಳಿಗೂ ಮುಟ್ಟಿತು. ಮುದುಕಿ ಬಾರದಿದ್ದರೆ ಊರು ಯಾರನ್ನು ಬಿಡುತ್ತದೆ? ರತೀಬಾ ಸಾಯುವ ತನಕ 'ಹಜ್‌ಗೆ ಹೋದ ಹಾಜಾಳನ್ನು ತಿಂದುಕೊಂಡವಳು' ಅನ್ನಿಸಿಕೊಳ್ಳಬೇಕು. ಪರೀಕ್ಷೆ ಇಟ್ಟವಳು ತಾನು, ಏಟು ಬೀಳುವುದು ಆ ಕೂಸಿಗೆ. ಅವಳು ಗೋಡೆಯ ಬಳಿಗೆ ಓಡಿದಳು.

ಮುದುಕಿಯ ಮಗ ಬದ್ರಿ ಆಗಲೇ ಸುಣ್ಣದ ಬಕೆಟ್ ಹಿಡಿದು ನಿಂತಿದ್ದ. "ಅಬ್ಲಾ," ಎಂದ, ಊರೆಲ್ಲ ಟೀಚರನ್ನು ಕರೆಯುವಂತೆ, "ಆ ಕಡೆ ಸರೀರಿ. ಎಲ್ಲಾ ಅಳಿಸಿಹಾಕ್ತೀನಿ."

"ಬುದ್ಧಿ ಇದೆಯೇನೋ ನಿಂಗೆ? ಅವಳಿಲ್ದೇ ಇರುವಾಗ ಗೋಡೆಗೆ ಸುಣ್ಣ ಬಳಿಯೋದೂ ಒಂದೇ, ಅವಳನ್ನ ಮಣ್ಣು ಮಾಡೋದೂ ಒಂದೇ. ಗೋಡೆ ಅವಳದು. ಅವಳು ಬಂದು ನೋಡೋ ತನಕ ಯಾರೂ ಮುಟ್ಟೋ ಹಾಗಿಲ್ಲ."

"ಅವಳು ಬರ್ದೇ ಇದ್ರೆ?"

ಸನಿಯ್ಯಾ ಗೋಡೆಗೆ ಅಡ್ಡ ನಿಂತಳು. ಬದ್ರಿ ಬಕೆಟ್ ಕುಕ್ಕಿ ಒಳಗೆ ಹೋದ.

ಮೂಲೆಯಲ್ಲಿ ನಿಂತಿದ್ದ ರತೀಬಾ ಮೆಲ್ಲಗೆ ಕೇಳಿದಳು: "ಅಬ್ಲಾ, ಅಜ್ಜೀನ ನಾನೇ ಸಾಯಿಸಿಬಿಟ್ನಾ?"

"ಬಾಯ್ಮುಚ್ಚೇ! ಬಣ್ಣಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ನಾನ್ಯಾಕೆ ಇನ್ನೂ ಇಲ್ಲಿ ಮೇಷ್ಟ್ರಗಿರಿ ಮಾಡ್ಕೊಂಡಿರ್ತಿದ್ದೆ?" ಎಂದು ನಕ್ಕಳು. ನಗು ತುಟಿಯ ಮೇಲಷ್ಟೇ ಇತ್ತು. ಶಕುನ ಗಿಕುನ ಎಲ್ಲ ಸುಳ್ಳು ಎಂದು ಇಷ್ಟು ವರ್ಷ ಭಾಷಣ ಬಿಗಿದವಳು ಅಂದು ಊಟದ ತಟ್ಟೆ ಪಕ್ಕಕ್ಕೆ ತಳ್ಳಿದಳು.

ಬೆಳಕು ಹರಿಯುವ ಮುಂಚೆಯೇ ಅವಳು ನೀಲಿ ಬಣ್ಣದ ಡಬ್ಬಿ ಹಿಡಿದು ಕಳ್ಳಿಯ ಹಾಗೆ ಹೋದಳು. ಬಾಲ ಇದ್ದ ಕಡೆ ಬಾಗಿಲಿಗೆ ಎದುರಾಗಿ ಮೂತಿ ಬರೆದಳು. ಹಳೆಯ ಮೂತಿಯನ್ನು ಅಳಿಸಬೇಕು ಅನ್ನುವಷ್ಟರಲ್ಲಿ ಉಮ್ಮು ಶಹಾತಳ ಬಾಗಿಲು ಕಿರುಗುಟ್ಟಿತು. ಸನಿಯ್ಯಾ ಕಾಲಿಗೆ ಬುದ್ಧಿ ಹೇಳಿದಳು.

ಬೆಳಿಗ್ಗೆ ಊರೆಲ್ಲ ರತೀಬಾಳ ಮೇಲೆ ಬಿತ್ತು. "ಮಾಡೋದನ್ನೆಲ್ಲ ಮಾಡಿ ಈಗ ತೇಪೆ ಹಚ್ತಿದಾಳೆ ನೋಡು!" ಹುಡುಗಿ ತಲೆ ತಗ್ಗಿಸಿ ನಿಂತಳು, ತಾನಲ್ಲ ಎಂದೂ ಹೇಳಲಿಲ್ಲ. ಸನಿಯ್ಯಾಳ ನಾಲಿಗೆಯೂ ಏಳಲಿಲ್ಲ. ಥೂ, ಎಂಥ ಹೆದರಿಕೆ ಅದು!

ಶುಕ್ರವಾರ ಒಂದು ವ್ಯಾನ್ ಬಂದು ನಿಂತಿತು. ಇಳಿದವಳು ಝನ್ನೂಬ. ಬಿಸಿಲಿಗೆ ಬಿದ್ದು, ಹೆಸರೂ ಹೇಳಲಾರದೆ ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ್ದಳಂತೆ. ಹೆಂಗಸರು ಸಂಭ್ರಮದಿಂದ ಕೂಗಿದರು, ಬದ್ರಿ ಅತ್ತೇಬಿಟ್ಟ. ಮುದುಕಿ ಅವನನ್ನು ಪಕ್ಕಕ್ಕೆ ತಳ್ಳಿ ಗೋಡೆಯ ಮುಂದೆ ನಿಂತಳು.

"ಕಾಬಾ ಚೆನ್ನಾಗಿದೆ. ವಿಮಾನ ಹೋಗೋದೂ ಸರಿಯಾಗಿದೆ, ಹೀಗೇ ಹೋದೆ. ಬರೋವಾಗ ಹೆದರಿ ಕಣ್ಣೇ ಬಿಡ್ಲಿಲ್ಲ, ಅದನ್ನ ಬರೆಯೋದೇನಿದೆ? ಇದ್ಯಾವುದೇ ಹಿಂದುಗಡೆ ಇನ್ನೊಂದು ಮೂತಿ? ಬರ್ದವಳಿಗೆ ಸೊನ್ನೆ! ಯಾರೇ ಅವಳು?"

ಎಲ್ಲರ ಕಣ್ಣೂ ರತೀಬಾಳತ್ತ ತಿರುಗಿತು.

ಸನಿಯ್ಯಾ ಕೈ ಎತ್ತಿದಳು, ಕ್ಲಾಸಿನಲ್ಲಿ ಮಕ್ಕಳು ಎತ್ತುವ ಹಾಗೆ. "ನಾನೇ, ಹಾಜಾ."

ರತೀಬಾ ಕಣ್ಣರಳಿಸಿದಳು. "ಅಬ್ಲಾ, ನೀವೂ ಹೆದ್ರಿದ್ರಾ?"

"ಹೆದ್ರಿದ್ದೆ ಕಣೇ. ನಿನಗಿಂತ ಜಾಸ್ತಿ. ನಿನ್ನನ್ನ ಬೈಯೋವಾಗ್ಲೂ ಸುಮ್ನಿದ್ದೆ."

ಮುದುಕಿ ಬಣ್ಣದ ಡಬ್ಬಿ ತರಿಸಿ ಹುಡುಗಿಯ ಕೈಗಿತ್ತಳು. "ಸರಿಮಾಡೇ ಮಗಳೇ."

ರತೀಬಾ ಏಣಿ ಹತ್ತಿದಳು. ಕೆಳಗೆ ಸನಿಯ್ಯಾ ಏಣಿ ಹಿಡಿದು ನಿಂತಳು. ಅವಳ ಕೈಗಳ ನಡುಕ ಇನ್ನೂ ನಿಂತಿರಲಿಲ್ಲ.

"ಅಬ್ಲಾ, ಏಣಿ ಅಲ್ಲಾಡ್ತಿದೆ," ಎಂದಳು ರತೀಬಾ ಮೇಲಿನಿಂದ. "ಗಟ್ಟಿಯಾಗಿ ಹಿಡ್ಕೊಳ್ಳಿ."