ವೈನಿಯ ಬರಿಗಾಲು

ಕಳೆದ ವಾರ ಗೋಕಾಕದ ಮೈದಾನದಲ್ಲಿ ಬೆಳಗಿನ ವ್ಯಾಯಾಮಕ್ಕೆ ನಿಂತಿದ್ದಾಗ ಪಕ್ಕದ ಹೆಂಗಸೊಬ್ಬಳು ಮೀನಖಂಡಕ್ಕೆ ಕರ್ಪೂರದೆಣ್ಣೆ ತಿಕ್ಕಿಕೊಂಡಳು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಮನೆಯಲ್ಲೇ ಕಾಯಿಸಿದ್ದು... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮೇಲೆತ್ತಿದ ನನ್ನ ಕೈ ಮೇಲೆಯೇ ನಿಂತಿತು. ಮೈಕು ಹಿಡಿದು ವ್ಯಾಯಾಮ ಹೇಳಿಕೊಡುವ ಹುಡುಗ "ಮೇಡಂ, ಕೈ ಕೆಳಗ ತರ್ರಿ" ಎಂದು ಕೂಗಿದ. ಎಲ್ಲರೂ ನಕ್ಕರು. ಪೊಲೀಸಿನವಳು ತಪ್ಪಿದರೆ ಜನಕ್ಕೆ ಒಂದು ಗುಲಗಂಜಿ ಹೆಚ್ಚೇ ಸಂತೋಷ.

ನಾನು ಈ ಗುಂಪಿಗೆ ಸೇರಿದ್ದು ಹೊಟ್ಟೆ ಕರಗಿಸಲು. ನಮ್ಮ ಸಾಹೇಬರು ನನ್ನ ಬೆಲ್ಟಿನ ಕಡೆ ನೋಡಿ ಆಗಾಗ ಕೆಮ್ಮತೊಡಗಿದ್ದರು. ಒಬ್ಬಳೇ ಬರಲು ಬೇಸರವೆಂದು, ಕಾಲೇಜು ಓದಲು ನಮ್ಮ ಮನೆಯಲ್ಲಿರುವ ಹುಡುಗಿಯನ್ನೂ ಎಬ್ಬಿಸಿ ಕರೆತರುತ್ತೇನೆ. ಆ ಹುಡುಗಿ ವೈನಿಯ ಮಗಳು.

ವೈನಿ ಎಂದರೆ ಅತ್ತಿಗೆ, ಆದರೆ ಸ್ವಂತ ಸಂಬಂಧವೇನಲ್ಲ. ನಮ್ಮೂರು ಕಲ್ಲೋಳಿಯಲ್ಲಿ ಬಾಜೂ ಮನೆಯ ಅಣ್ಣನ ಹೆಂಡತಿ. ತವರು ಹೆದ್ದಾರಿ ಪಕ್ಕದ ಕಣಗಲಾ. ನಾನು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿ ಓಟದ ತಯಾರಿ ಶುರುಮಾಡಿದಾಗ, ಹೆಣ್ಣುಹುಡುಗಿ ನಸುಕಿನಲ್ಲಿ ಕಾಲುವೆ ದಂಡೆಗೆ ಒಬ್ಬಳೇ ಹೋಗುವುದು ಬೇಡವೆಂದು ಅವ್ವ ಅವಳನ್ನು ಜೊತೆಗೆ ಕಳಿಸಿದಳು. ಕಾವಲಿಗೆಂದು ಬಂದವಳು ಕೆಲವೇ ದಿನಗಳಲ್ಲಿ ನನ್ನನ್ನು ಹಿಂದೆ ಹಾಕಿ ಓಡತೊಡಗಿದಳು. "ಹೈವೇ ಬಾಜೂ ಬೆಳದಾಕಿ ನಾ. ಲಾರಿ ಕೂಡ ಶರ್ಯತ್ತ ಹಚ್ಚೇನಿ," ಎನ್ನುತ್ತಿದ್ದಳು. ಅಣ್ಣ ಒಳ್ಳೆಯವನು, ಅವಳ ಅರ್ಜಿಯನ್ನೂ ಹಾಕಿಸಿ, ಗೋಕಾಕದ ಪೇಟೆಯಿಂದ ಬೂಟು ತಂದುಕೊಟ್ಟ. ಮಗಳು ಹುಟ್ಟಿದ ಮೇಲೆ ಇನ್ನು ಒಲೆಯ ಮುಂದೆಯೇ ತನ್ನ ಆಯುಷ್ಯ ಎಂದುಕೊಂಡಿದ್ದವಳಿಗೆ ಖಾಕಿಯ ಆಸೆ ಹತ್ತಿತು. ಬಸ್ಸು ಪೊಲೀಸ್ ಠಾಣೆಯ ಮುಂದೆ ಹೋದರೆ ಸಾಕು, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು. ನನಗೆ ನಗು ಬರುತ್ತಿತ್ತು.

ಊರಿನ ಇನ್ನೂ ನಾಲ್ಕೈದು ಹುಡುಗಿಯರು ಕೂಡಿದರು. ಹೊಸತರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಮ್ಮದೂ ಅದೇ ಕಥೆ. ಚಳಿ ಶುರುವಾಗುತ್ತಲೇ ಒಬ್ಬಳಿಗೆ ಹೊಟ್ಟೆನೋವು, ಇನ್ನೊಬ್ಬಳ ಮನೆಗೆ ಬೀಗರು, ನನಗೆ ನಿದ್ದೆ. ಒಂದು ಸೋಮವಾರ ವೈನಿ ನಮ್ಮನ್ನೆಲ್ಲ ಬಸವಣ್ಣನ ಗುಡಿಗೆ ಎಳೆದುಕೊಂಡು ಹೋಗಿ ಕಾಯಿ ಒಡೆಸಿ, ಹರಕೆ ಹೊರಲು ಹೇಳಿದಳು.

"ಏನರ ಒಂದ ಬಿಡ್ರಿ. ಬಿಟ್ಟದ್ದ ನೆನಪಾದಾಗೊಮ್ಮೆ ಓಡೂದೂ ನೆನಪಾಗತೈತಿ," ಅಂದಳು.

ಒಬ್ಬಳು ಮಿರ್ಚಿಭಜಿ ಬಿಟ್ಟಳು, ಒಬ್ಬಳು ಟೀವಿ ಧಾರಾವಾಹಿ ಬಿಟ್ಟಳು, ನಾನು ಚಹಾ ಬಿಟ್ಟೆ. ವೈನಿ ಗುಡಿಯ ಹೊರಗೆ ಬಂದು ತನ್ನ ಹೊಸ ಬೂಟು ನನ್ನ ಮುಂದಿಟ್ಟಳು.

"ನೌಕರಿ ಆಗೂತನಕಾ ನಾ ಕಾಲಾಗ ಏನೂ ಮೆಟ್ಟೂದಿಲ್ಲ. ನಿನ್ನ ಕಾಲೂ ನನ್ನಷ್ಟ ಐತಿ, ಹಾಕ್ಕೋ."

ನಮ್ಮ ಹರಕೆಗಳು ವಾರ ತುಂಬುವುದರೊಳಗೆ ಮುರಿದವು. ನನ್ನದಂತೂ ಮರುದಿನ ಅವ್ವ ಚಹಾಕ್ಕೆ ಶುಂಠಿ ಕುಟ್ಟುವ ಸದ್ದು ಕೇಳಿದೊಡನೆಯೇ ಮುರಿಯಿತು. ವೈನಿಯದು ಮುರಿಯಲಿಲ್ಲ. ಖಡಿಕಲ್ಲು ಎದ್ದ ದಾರಿಯಲ್ಲಿ ಅವಳು ಬರಿಗಾಲಲ್ಲಿ ಓಡುತ್ತಿದ್ದರೆ, ಬೂಟು ಹಾಕಿದ ನಾವು ಯಾವ ಬಾಯಿಂದ ಸಾಕು ಎನ್ನುವುದು? ನಾಚಿಕೆಗೇ ಓಡಿದೆವು. ಮನೆಗೆ ಬಂದ ಮೇಲೆ ಅವಳು ಕರ್ಪೂರದೆಣ್ಣೆ ಕಾಯಿಸಿ, ತನ್ನ ಕಾಲು ಬಿಟ್ಟು ಮೊದಲು ನಮ್ಮ ಕಾಲುಗಳಿಗೆ ತಿಕ್ಕುತ್ತಿದ್ದಳು. ಬೇಡವೆಂದರೆ ಬೈಯುತ್ತಿದ್ದಳು...

ಬೆಳಗಾವಿಯ ಮೈದಾನದಲ್ಲಿ ಓಟದ ದಿನ ವೈನಿ ನಮ್ಮೆಲ್ಲರಿಗಿಂತ ಮುಂದೆ ಗೆರೆ ದಾಟಿದಳು. ನಾನು ಅವಳ ಬೂಟಿನಲ್ಲಿ ಹಿಂದೆ ಬಂದೆ. ಆದರೆ ಬರೆಯುವ ಪರೀಕ್ಷೆಯಲ್ಲಿ ಅವಳಿಗೆ ಅಂಕ ಸಾಲಲಿಲ್ಲ. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಅವಳದು ಬರಲಿಲ್ಲ. ಓಣಿಗೆಲ್ಲ ಪೇಡೆ ಹಂಚಿದವಳು ಅವಳೇ. "ನನ್ನದು ಮುಂದಿನ ಸಲ," ಅಂದಳು. ಮುಂದಿನ ಸಲವೂ ಆಗಲಿಲ್ಲ. ಅದರ ಮುಂದಿನ ಸಲಕ್ಕೆ ವಯಸ್ಸು ಮೀರಿತ್ತು.

ಅಲ್ಲಿಗೆ ಹರಕೆಯೂ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಹಾಗೆ ತಿಳಿಯಲಿಲ್ಲ. ನೌಕರಿ ಆಗುವ ತನಕ ಎಂದಿದ್ದಳು, ನೌಕರಿ ಆಗಿರಲಿಲ್ಲವಲ್ಲ. ಡಾಂಬರು ಕಾದ ಬೇಸಿಗೆಯಲ್ಲೂ, ಮದುವೆ ಮನೆಗಳಿಗೂ, ಮೂಡಲಗಿಯ ಸಂತೆಗೂ ಬರಿಗಾಲಲ್ಲೇ ಹೋದಳು. ಗುಂಪು ಚದುರಿ ವರ್ಷಗಳಾದ ಮೇಲೂ ನಸುಕಿಗೆದ್ದು ಕಾಲುವೆ ದಂಡೆಯಲ್ಲಿ ಒಬ್ಬಳೇ ಓಡುತ್ತಿದ್ದಳು. ಊರವರು "ನಿಷ್ಠಿ ಅಂದ್ರ ಇದು" ಎಂದು ಹೊಗಳಿದರು. ನಾನೂ ಇಲಾಖೆಗೆ ಹೊಸದಾಗಿ ಬಂದ ಹುಡುಗಿಯರಿಗೆ ಅವಳ ಕಥೆ ಹೇಳಿ ಹುರುಪು ತುಂಬುತ್ತಿದ್ದೆ. ಈಗ ಅದನ್ನು ನೆನೆದರೆ ನಾಲಗೆ ಕಹಿಯಾಗುತ್ತದೆ.

ಆಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಕಾಲಿಗೆ ಮೆತ್ತನೆಯ ಚಪ್ಪಲಿ ಹಾಕಲೇಬೇಕು, ಗಾಯವಾದರೆ ಮಾಯುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ನಾನು ಕೊಂಡು ತಂದ ಚಪ್ಪಲಿ ಅವಳ ನಾದಿನಿಯ ಕಾಲಿಗೆ ಹೋಯಿತು. ಅಣ್ಣ ಗೋಗರೆದ, ಬೈದ, ಕಡೆಗೆ ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ಅವಳನ್ನು ಕೂರಿಸಿದ. ನಾನೂ ಹೋಗಿದ್ದೆ. ಅಜ್ಜಾರು ಅವಳ ಬಿರಿದ ಹಿಮ್ಮಡಿಗಳನ್ನು ಬಹಳ ಹೊತ್ತು ನೋಡಿದರು.

"ಬಸವಣ್ಣ ಯಾರ ಕಾಲೂ ಕೇಳಂಗಿಲ್ಲವ್ವಾ. ಈ ಹರಕಿ ನಾ ಬಿಡಸ್ತೀನಿ. ಪಾಪ ಏನರ ಇದ್ರ ನನಗಿರ್ಲಿ. ಮೆಟ್ಟು," ಎಂದರು.

ವೈನಿ ಹೂಂ ಎಂದಳು, ನಮಸ್ಕಾರ ಮಾಡಿದಳು, ಬರಿಗಾಲಲ್ಲೇ ಹೊರಗೆ ಬಂದಳು.

ಮಠದ ಕಟ್ಟೆಯ ಮೇಲೆ ಕೂತು ನಾನು ಡ್ಯೂಟಿ ಬೂಟು ಹಾಕಿಕೊಳ್ಳುತ್ತಿದ್ದೆ. ಸಿಟ್ಟು ತಡೆಯಲಾಗಲಿಲ್ಲ. "ಇನ್ಯಾವ ನೌಕರಿ ಬರತೈತ್ರಿ ವೈನಿ? ಯಾವದಕ್ಕ ಕಾಯಾಕತ್ತೀರಿ?"

ಅವಳು ನಾನು ಲೇಸು ಕಟ್ಟುವುದನ್ನೇ ನೋಡುತ್ತ ನಿಂತಳು. "ಮೆಟ್ಟಿದ್ರ ಮುಗದ ಹೋಗತೈತಲ್ಲ ತಂಗಿ," ಅಂದಳು. "ನನಗ ಆಗಲಿಲ್ಲ ಅಂತ ನಾನ ಹೇಳಿದಂಗ ಆಗತೈತಿ. ಹಿಂಗ ಇರೂತನಕಾ... ನಾ ಇನ್ನೂ ತಯಾರಿ ಮಾಡಾಕತ್ತೇನಿ."

ಗುಂಪನ್ನು ಕಟ್ಟಿಡಲು ಮಾಡಿದ ಹರಕೆ ಕೊನೆಗೆ ಅವಳೊಬ್ಬಳನ್ನೇ ಕಟ್ಟಿಹಾಕಿತ್ತು.

ಮರುವರ್ಷ ಕಬ್ಬು ಕಡಿದ ಹೊಲದಲ್ಲಿ ಅವಳ ಅಂಗಾಲಿಗೆ ಕೂಳೆ ಚುಚ್ಚಿತು. ನೋವೇ ಗೊತ್ತಾಗಲಿಲ್ಲವಂತೆ, ಗೊತ್ತಾಗುವ ಹೊತ್ತಿಗೆ ಕೀವು ತುಂಬಿತ್ತು. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲಿನವರೆಗೆ ಕಾಲೇ ಹೋಯಿತು. ಅದಾದ ಮೇಲೆ ವೈನಿ ಹೆಚ್ಚು ದಿನ ಉಳಿಯಲಿಲ್ಲ. ಮಣ್ಣಿಗೆ ಬಂದವರಲ್ಲಿ ಎಷ್ಟೋ ಜನ "ಹಿಡದ ಹರಕಿ ಬಿಡಲಿಲ್ಲ ನೋಡ್ರಿ" ಎಂದು ಕೈಮುಗಿದರು. ನನಗೆ ಕೈಮುಗಿಯಲು ಮನಸ್ಸಾಗಲಿಲ್ಲ. ಅವಳ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ... ಅದು ನನ್ನ ಕೈಯಲ್ಲಿಲ್ಲ.

ಎಣ್ಣೆಯ ವಾಸನೆ ಬಂದ ಆ ದಿನ, ಕವಾಯತು ಮುಗಿದ ಮೇಲೆ ಮೈದಾನ ಸುತ್ತುವ ಓಟವಿತ್ತು. "ಬಿಡಬ್ಯಾಡ್ರಿ, ಇನ್ನೊಂದ ಸುತ್ತು, ಬಿಡಬ್ಯಾಡ್ರಿ" ಎಂದು ಹುಡುಗ ಮೈಕಿನಲ್ಲಿ ಕೂಗುತ್ತಿದ್ದ. ನನ್ನ ಪಕ್ಕದಲ್ಲಿ ಓಡುತ್ತಿದ್ದ ವೈನಿಯ ಮಗಳು ನಡುವೆಯೇ ನಿಂತುಬಿಟ್ಟಳು.

"ಅತ್ತಿ, ಇವತ್ತ ನನ್ನ ಕೈಲೆ ಆಗೂದಿಲ್ಲ. ಸಾಕು," ಅಂದವಳೇ ಹೋಗಿ ಮೆಟ್ಟಿಲ ಮೇಲೆ ಕೂತು, ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಅವಳ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ಮೇಡಂ, ನಿಮ್ಮ ಹುಡುಗಿಗೆ ಸ್ವಲ್ಪ ಛಲಾ ಕಲಸ್ರಿ," ಎಂದ ಹುಡುಗ.

"ಕುಂದ್ರಲಿ ಬಿಡಪಾ," ಎಂದೆ. ಓಟ ಬಿಟ್ಟು ನಾನೂ ಹೋಗಿ ಅವಳ ಪಕ್ಕ ಕುಳಿತೆ. ಎಷ್ಟು ಸುಲಭವಾಗಿ ಬಂದಿತ್ತು ಆ ಮಾತು ಅವಳ ಬಾಯಿಂದ... ಸಾಕು. ಅವಳ ಅವ್ವನಿಗೂ ಒಂದೇ ಒಂದು ಸಲ ಹಾಗೆನ್ನಲು ಬಂದಿದ್ದರೆ, ಆ ಮೆಟ್ಟಿಲ ಮೇಲೆ ಅವತ್ತು ನಾವು ಮೂವರು ಕೂತಿರುತ್ತಿದ್ದೆವು.